ಆಂಧ್ರದ ಖಾರದೂಟದಲ್ಲಿ ಎಳೆಯ ಮಕ್ಕಳ ಪಾಲು

ಮೆಣಸಿನಕಾಯಿ ವಹಿವಾಟಿಗೆ ದೇಶದಲ್ಲೇ ಹೆಸರಾದ ಗುಂಟೂರು ವಿಜಯವಾಡದಿಂದ ಸುಮಾರು 35 ಕಿ.ಮೀ. ದೂರದಲ್ಲಿದೆ. ಅಲ್ಲಿಂದ ವಿಶಾಖಪಟ್ಟಣದವರೆಗೂ ಊಟವೆಂದರೆ ಪಪ್ಪು (ಬೇಳೆ), ಪುಲುಸು (ಹುಣಸೆಹುಳಿಯ ಸಾರು), ಗೋಂಗೂರ (ಪುಂಡಿಸೊಪ್ಪು), ಆವಕಾಯ (ಮಾವಿನ ಉಪ್ಪಿನಕಾಯಿ). ಇದೇ ಊಟವನ್ನು ಎಳೆಯ ಮಕ್ಕಳಿಗೂ ಬಡಿಸಬಹುದೆ? ವರ್ಷ ತುಂಬಿದ ಮಗು ಮನೆಯ ಅಡುಗೆಯನ್ನೇ ಉಣ್ಣಬಹುದು, ಉಣ್ಣಬೇಕು. ಉಪ್ಪು, ಖಾರ ಬೀಳುವ ಮೊದಲು ಅದರ ಪಾಲನ್ನು ತೆಗೆದಿಟ್ಟರೆ ಸಾಕು.

ಮೊದಲ ವರ್ಷ

ಮೊದಲ 6 ತಿಂಗಳು ಎದೆಹಾಲು ಮಾತ್ರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಮೇಲೆ ಹಾಲಿನಲ್ಲಿರುವ ಕಬ್ಬಿಣಾಂಶ ಮತ್ತು ಶಕ್ತಿ ಮಗುವಿಗೆ ಸಾಲದು. ಅಕ್ಕಿ, ಬೇಳೆ ಹುರಿದು ಪುಡಿಮಾಡಿ ಬೇಯಿಸುವ ‘ಉಗ್ಗು’ ತೆಲುಗು ಮನೆಗಳ ಮೊದಲ ತುತ್ತು. ನಮ್ಮಲ್ಲಿ ರಾಗಿ ಸರಿ ಇರುವಂತೆ. 6–8 ತಿಂಗಳಲ್ಲಿ ದಿನಕ್ಕೆ 2–3 ಸಲ, 9ರಿಂದ 23 ತಿಂಗಳವರೆಗೆ 3–4 ಸಲ ಉಣಿಸಬೇಕು. ತಿಳಿಯಾದ ಬೇಳೆಕಟ್ಟು ಹೊಟ್ಟೆ ತುಂಬಿಸೀತು, ಮೈಗೆ ಹತ್ತದು. ಮಗುವಿನ ಊಟ ಚಮಚದಿಂದ ಜಾರದಷ್ಟು ಗಟ್ಟಿ ಇರಲಿ.

ಒಂದೇ ಪಾತ್ರೆ, ಎರಡು ಪಾಲು

ಮುದ್ದಪಪ್ಪು ಇದಕ್ಕೆ ಒಳ್ಳೆಯ ಮಾದರಿ. ಬೇಯಿಸಿ ಮಸೆದ ತೊಗರಿಬೇಳೆಗೆ ತುಪ್ಪ ಸೇರಿದರೆ ಮಗುವಿನ ಊಟ. ಅದಕ್ಕೇ ಉಪ್ಪು, ಆವಕಾಯ ಸೇರಿದರೆ ದೊಡ್ಡವರದು. ಪಾಲಕೂರ ಪಪ್ಪು ಮಾಡುವಾಗ ಹಸಿಮೆಣಸಿನಕಾಯಿ, ಹುಣಸೆಹಣ್ಣನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಹಾಕದೆ, ಸೊಪ್ಪು–ಬೇಳೆ ಬೆಂದ ಮೇಲೆ ಹಾಕಿದರೆ ಮಗುವಿಗೆ ಬೇರೆ ಅಡುಗೆ ಬೇಕಿಲ್ಲ. ಕಡಲತಡಿಯ ವಿಶಾಖಪಟ್ಟಣದಲ್ಲಿ ಮೀನಿನ ತುಂಡೊಂದನ್ನು ಪುಲುಸಿಗೆ ಹಾಕುವ ಮುಂಚೆ ಬೇರೆಯಾಗಿ ಬೇಯಿಸಿ, ಮುಳ್ಳು ಬಿಡಿಸಿ ಕೊಡಬಹುದು. ಪೆಸರಟ್ಟು ದೋಸೆಯನ್ನು ಮೆಣಸಿನಕಾಯಿ ಇಲ್ಲದೆ ಹುಯ್ದರೆ ಹೆಸರುಕಾಳಿನ ಪ್ರೋಟೀನು ಸಿಗುತ್ತದೆ.

ಬರೀ ಮೊಸರನ್ನದ ಅಪಾಯ

ಖಾರ ತಾಗದಿರಲೆಂದು ಹೊತ್ತುಹೊತ್ತಿಗೂ ಮೊಸರನ್ನವನ್ನೇ ಉಣಿಸುವುದು ಸುಲಭ. ಮೊಸರು ಒಳ್ಳೆಯದೇ, ಆದರೆ ಅದರಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಬೇಳೆ, ಸೊಪ್ಪು, ತರಕಾರಿ, ಹಣ್ಣು, ಉಣ್ಣುವವರ ಮನೆಯಲ್ಲಿ ಮೊಟ್ಟೆ–ಮೀನು, ಇವೆಲ್ಲ ದಿನವೂ ಸರದಿಯಲ್ಲಿ ಬರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 6–23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿದ್ದದ್ದು ಶೇ. 11ರಷ್ಟು ಮಂದಿಗೆ ಮಾತ್ರ. ಅಂಗನವಾಡಿಯಲ್ಲಿ ಮಕ್ಕಳಿಗೆ ಕೊಡುವ ‘ಬಾಲಾಮೃತಂ’ ಎಂಬ ಪೌಷ್ಟಿಕ ಪುಡಿ ಮನೆಯೂಟಕ್ಕೆ ಪೂರಕ, ಊಟಕ್ಕೆ ಬದಲಿಯಲ್ಲ.

ದೂರವಿಡಬೇಕಾದವು

• ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು. ಬಾಟುಲಿಸಂ ಎಂಬ ಅಪರೂಪದ, ತೀವ್ರ ಕಾಯಿಲೆ ಬರಬಹುದು.
• ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. 5 ವರ್ಷದವರೆಗೆ ಬೀಜವನ್ನು ಪುಡಿಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಬೇಕು.
• ಚಹಾ, ಕಾಫಿ ಆಹಾರದ ಕಬ್ಬಿಣಾಂಶ ಹೀರಿಕೆಯನ್ನು ತಗ್ಗಿಸುತ್ತವೆ.
• ಉಪ್ಪಿನಕಾಯಿ, ಹಪ್ಪಳ, ಪೊಟ್ಟಣದ ಕುರುಕಲಿನಲ್ಲಿ ಎಳೆಯ ಮೂತ್ರಪಿಂಡಕ್ಕೆ ಹೊರೆಯಾಗುವಷ್ಟು ಉಪ್ಪಿರುತ್ತದೆ.

ಜೊತೆಯಲ್ಲಿ ಉಣ್ಣುವುದು

ದೊಡ್ಡವರು ಉಣ್ಣುವುದನ್ನು ನೋಡಿಯೇ ಮಗು ಉಣ್ಣಲು ಕಲಿಯುತ್ತದೆ. ಹೊಸ ರುಚಿಯನ್ನು ಮೊದಲ ಸಲ ಉಗುಳಿದರೆ ಬಲವಂತ ಬೇಡ. ಹಲವು ಸಲ ಕೊಟ್ಟ ಮೇಲೆ ನಾಲಿಗೆ ಒಗ್ಗುತ್ತದೆ. ಖಾರವನ್ನೂ ವರ್ಷಗಳು ಕಳೆದಂತೆ ಸ್ವಲ್ಪಸ್ವಲ್ಪವೇ ಕಲಿಸಬಹುದು. ಆದರೆ ಬೇಳೆ, ಸೊಪ್ಪು, ಮೊಟ್ಟೆಗಳಿಗೆ ಅಷ್ಟು ಕಾಯಲಾಗದು: ಮೊದಲ ಎರಡು ವರ್ಷ ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲ.