ಗೋಡೆಯ ಮೇಲಣ ಚರಿತ್ರೆ

ಶಿವಮೊಗ್ಗದ ಚರಿತ್ರೆಯನ್ನು ಅರಿಯಬಯಸುವವರು ಶಿವಪ್ಪನಾಯಕನ ಅರಮನೆಯನ್ನು ಸಂದರ್ಶಿಸುತ್ತಾರೆ. ಭದ್ರಾವತಿಯ ಚರಿತ್ರೆಯೆಂದರೆ 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯೇ ಎಂದು ಭಾವಿಸುತ್ತಾರೆ. ಅರಸರ ಹಾಗೂ ಯಂತ್ರಗಳ ಈ ಕಥೆ ಸತ್ಯವೇ ಸರಿ. ಆದರೆ ಉಳುವವರ ಚರಿತ್ರೆಯನ್ನು ಎಲ್ಲಿ ಅರಸೋಣ? ಅದಕ್ಕೆ ಇದೇ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಸೀಮೆಗಳ ದೀವರ ಮನೆಗಳ ಮಣ್ಣಿನ ಗೋಡೆಗಳನ್ನು ನೋಡಬೇಕು.

ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯಿಂದ ಬಿಳುಪು, ಕರಿಕಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ ದೊರೆಯುತ್ತವೆ. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವ ಸ್ಥಳದ ಗೋಡೆಯನ್ನು ಅಲಂಕರಿಸುವುದೇ ಹಸೆ ಚಿತ್ತಾರ. ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಕೊಂಡೊಯ್ಯುವ ಬುಟ್ಟಿಗೂ ಚಿತ್ತಾರವುಂಟು. ಭತ್ತದ ತೆನೆ, ಹಕ್ಕಿ, ದಂಡಿಗೆ, ತೇರು ಮುಂತಾದ ಆಕೃತಿಗಳಲ್ಲಿ ಮಲೆನಾಡಿನ ಪ್ರಕೃತಿಯೂ ಜನಜೀವನವೂ ಒಂದಾಗಿವೆ.

ಈ ತೆನೆಯನ್ನು ಬರೆದವರ ಕುಟುಂಬಗಳಲ್ಲಿ ಅನೇಕರು ಗೇಣಿದಾರರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಬಗೆಗಿನ ವಿವಾದದಿಂದಲೇ 1951ರ ಕಾಗೋಡು ಸತ್ಯಾಗ್ರಹ ಹುಟ್ಟಿತು. ರಾಮಮನೋಹರ ಲೋಹಿಯಾ ಅವರೂ ಅದರಲ್ಲಿ ಬಂಧಿತರಾದರು. ಮುಂದೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ರಾಜ್ಯದ ಅಸಂಖ್ಯ ಗೇಣಿದಾರರು ಭೂಮಿಯ ಒಡೆಯರಾದರು. ಗದ್ದೆಯ ಪೈರು ತಮ್ಮದಾಗುವುದಕ್ಕೆ ಎಷ್ಟೋ ಮೊದಲೇ ಗೋಡೆಯ ಪೈರು ಆ ತಾಯಂದಿರದಾಗಿತ್ತು!

ಆದರೆ ಮಣ್ಣಿನ ಗೋಡೆ ಶಾಶ್ವತವಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದಾಗ ದೀವರ ಮನೆಗಳೂ ಮುಳುಗಿದವು. ಉಳಿದೆಡೆ ಸಿಮೆಂಟಿನ ಗೋಡೆಗಳು ಎದ್ದಿವೆ. ಚಿತ್ತಾರವೀಗ ಕಾಗದ ಮತ್ತು ಬಟ್ಟೆಯ ಮೇಲೆ ಆಶ್ರಯ ಪಡೆದು ನಗರದ ಮನೆಗಳನ್ನೂ ಸೇರುತ್ತಿದೆ. ಇದು ಸಂತೋಷದ ಸಂಗತಿಯೇ. ಆದರೂ ಚೌಕಟ್ಟಿನೊಳಗೆ ಸೇರಿದ ಚಿತ್ತಾರವನ್ನು ಮತ್ತೆ ಬರೆಯುವ ಅಗತ್ಯ ಯಾರಿಗೂ ಬೀಳದು.

ನೂರು ವರ್ಷಗಳನ್ನು ಲೆಕ್ಕ ಹಾಕುವ ಈ ಸಂದರ್ಭದಲ್ಲಿ ನಾವು ಕಲ್ಲಿನ ಕಟ್ಟಡದ ಬಾಳಿಕೆಯನ್ನು ಕೊಂಡಾಡುತ್ತೇವೆ. ಚಿತ್ತಾರದ ಬಾಳಿಕೆಯಾದರೋ ಬೇರೆಯದು. ಮಾಸಿದ ಗೆರೆಯ ಮೇಲೆ ತಾಯಿ ಮತ್ತೊಮ್ಮೆ ಎಳೆದ ಗೆರೆಯನ್ನು ಮಗಳು ನೋಡಿ ಕಲಿತದ್ದರಿಂದಲೇ ಅದು ನಮ್ಮವರೆಗೆ ಬಂದಿತು. ನಮ್ಮ ಮಕ್ಕಳನ್ನು ಒಮ್ಮೆಯಾದರೂ ಆ ಗೋಡೆಗಳ ಮುಂದೆ ನಿಲ್ಲಿಸೋಣ.