ಅಂಗಮರ್ದನ

ಕೈಯಿಂದ ಒತ್ತಿ, ತಿಕ್ಕಿ, ನೀವಿ ಸ್ನಾಯುಗಳ ಬಿಗಿತ ಸಡಿಲಿಸುವ ಆರೈಕೆ, ಆಡುಮಾತಿನಲ್ಲಿ ಮಾಲೀಸು. ಎಣ್ಣೆ ಹಚ್ಚಿ ಮಾಡಿದರೆ ಅಭ್ಯಂಗ. ನಿತ್ಯದ ಅಭ್ಯಂಗ ಮುಪ್ಪು, ದಣಿವು, ವಾತವನ್ನು ಕಳೆಯುತ್ತದೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನ ಕೊಡುತ್ತದೆ.

ಯೌವನ: ಜಮಖಂಡಿ–ಮುಧೋಳ ಸೀಮೆ ಕುಸ್ತಿಯ ನಾಡು. ಗರಡಿಮನೆಯಲ್ಲಿ ಸಾಮು ಮುಗಿಸಿದ ಪೈಲ್ವಾನರ ತೊಡೆ, ಭುಜಗಳನ್ನು ಎಣ್ಣೆ ಹಚ್ಚಿ ತಿಕ್ಕುವುದು ತಾಲೀಮಿನ ಭಾಗವೇ. ಇದರಿಂದ ಮೈಕೈ ನೋವು ತಗ್ಗುತ್ತದೆ. ಹೆರಿಗೆಯಾದವರಿಗೆ ಬಾಣಂತನದ ಎಣ್ಣೆನೀರು ವಿಶ್ರಾಂತಿ ಕೊಡುತ್ತದೆ.

ನಡುವಯಸ್ಸು: ರಬಕವಿ–ಬನಹಟ್ಟಿಯ ಕೈಮಗ್ಗದ ನೇಕಾರ ಕಾಲಿನಿಂದ ಹಲಗೆ ತುಳಿಯುತ್ತ, ಹಗ್ಗ ಜಗ್ಗಿ ಲಾಳಿ ಓಡಿಸುತ್ತಾನೆ; ಇದರಿಂದ ಸೊಂಟ, ಕುತ್ತಿಗೆ, ಹೆಗಲು ಹಿಡಿದುಕೊಳ್ಳುತ್ತವೆ. ಕಬ್ಬು ಕಡಿಯುವವರ ಬಾಧೆಯೂ ಬಾಗಿದ ಬೆನ್ನಿನದೇ. ಅಂಗಮರ್ದನದಿಂದ ಬೆನ್ನುನೋವಿಗೆ ಅಲ್ಪಕಾಲದ ಉಪಶಮನ ಸಿಗಬಹುದು. ಕೂರುವ ಭಂಗಿ ತಿದ್ದದಿದ್ದರೆ ನೋವು ಮರಳುತ್ತದೆ.

ವೃದ್ಧಾಪ್ಯ: ಮಲಗುವ ಮುನ್ನ ಅಂಗಾಲಿಗೆ ಬೆಚ್ಚಗಿನ ಎಣ್ಣೆ ತಿಕ್ಕುವುದು ಮನೆಮನೆಯ ರೂಢಿ. ಹಿತವಾದ ಸ್ಪರ್ಶದಿಂದ ಮನಸ್ಸಿನ ತಳಮಳ ಇಳಿಯುತ್ತದೆ, ನಿದ್ದೆಗೆ ಅನುಕೂಲವಾಗುತ್ತದೆ. ಎಲುಬು ಸವೆದವರಿಗೆ ಒತ್ತಡ ಹಗುರವಾಗಿರಬೇಕು. ಎಣ್ಣೆಗಾಲಿನಲ್ಲಿ ಜಾರಿ ಬೀಳದಂತೆ ಒರೆಸಬೇಕು.

ಎಚ್ಚರಿಕೆ: ಜ್ವರ, ಅಜೀರ್ಣ, ತೆರೆದ ಗಾಯ, ಹೊಸ ಮೂಳೆಮುರಿತ ಇದ್ದಾಗ ಮಾಲೀಸು ಸಲ್ಲದು. ಒಂದೇ ಕಾಲು ಏಕಾಏಕಿ ಊದಿ ನೋಯುತ್ತಿದ್ದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಬಾರದು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಅಂಗಮರ್ದನ ಪೂರಕ ಆರೈಕೆಯೇ ಹೊರತು ಚಿಕಿತ್ಸೆಗೆ ಬದಲಿಯಲ್ಲ.