ಕೋಣ ಯಾರದ್ದು, ಓಟ ಯಾರದ್ದು?

ಉಪ್ಪಿನಂಗಡಿ ಪೇಟೆಯ ಒಂದು ಹೋಟೆಲಿನಲ್ಲಿ ಬೆಳಿಗ್ಗೆ ಗೋಳಿಬಜೆ, ಚಾ ಕುಡಿಯುತ್ತಾ ಕೂತಿದ್ದೆ. ಹಿಂದಿನ ರಾತ್ರಿ ಕಂಬಳ ಮುಗಿದಿತ್ತು. ಪಕ್ಕದ ಮೇಜಿನಲ್ಲಿ ನಾಲ್ಕು ಜನ, ಕಣ್ಣೆಲ್ಲ ಕೆಂಪು, ಪ್ಯಾಂಟಿನ ಮೇಲೆ ಕೆಸರಿನ ಚುಕ್ಕೆ. ಮನೆಗೆ ಹೋಗದೆ ನೇರ ಹೋಟೆಲಿಗೆ ಬಂದವರು ಅಂತ ನೋಡಿದರೆ ಗೊತ್ತಾಗುತ್ತದೆ.

"ನಮ್ಮ ಕೋಣ ಸೋತಾಯಿತು, ಅದು ಬಿಡಿ. ಫೈನಲಿಗೆ ಹೋದ ಆ ಎರಡು ಮನೆಯಲ್ಲಿ ಯಾರ ಓಟಗಾರ ಜೋರು, ಅದು ಹೇಳಿ" ಅಂದ ಒಬ್ಬ.

"ಓಟಗಾರ ಎಂತ ಮಾಡುದು ಮಾರಾಯಾ? ಕೋಣ ಎಳೆದುಕೊಂಡು ಹೋಗ್ತದೆ, ಅವ ಹಿಂದೆ ಹೋಗ್ತಾನೆ."

"ಹಾಗಾದ್ರೆ ಮುಂದಿನ ವರ್ಷ ನೀನೇ ಹಗ್ಗ ಹಿಡಿ ಭಾವ. ಮಂಜೊಟ್ಟಿ ಮುಟ್ಟುವಾಗ ಕೈಯಲ್ಲಿ ಹಗ್ಗ ಇರ್ತದಾ, ಬಾಯಲ್ಲಿ ಕೆಸರು ಇರ್ತದಾ ನೋಡುವ."

ಅಲ್ಲಿಂದ ಒಂದು ಗಂಟೆ ಮಾತು ನಿಲ್ಲಲಿಲ್ಲ. ನನಗೆ ಖುಷಿ ಕೊಟ್ಟದ್ದು ಒಂದು ವಿಷಯ: ನಾಲ್ವರೂ ತಮ್ಮ ಮನೆಯ ಕೋಣದ ಅಭಿಮಾನಿಗಳು, ಆದರೆ ಜಗಳ ಇಬ್ಬರು ಎದುರಾಳಿಗಳ ಬಗ್ಗೆ. ತಾವು ಸೋತ ಮೇಲೂ ಸೋಲಿಸಿದವರಲ್ಲಿ ಯಾರು ದೊಡ್ಡವರು ಎಂದು ತೀರ್ಮಾನ ಆಗಬೇಕು.

ಈ ಚರ್ಚೆ ಹೊಸದಲ್ಲ. ಆದರೆ "ಯಾರ ಓಟಗಾರ" ಎಂದು ಹೆಸರು ಹಿಡಿದು ಕೇಳುವುದು ಅಷ್ಟು ಹಳೆಯದೂ ಅಲ್ಲ. ನಮ್ಮ ಅಜ್ಜನ ಕಾಲದ ಮಾತಿನಲ್ಲಿ ಗೆಲ್ಲುತ್ತಿದ್ದುದು ಕೋಣ ಅಥವಾ ಮನೆ. ಇಂಥ ಗುತ್ತಿನ ಕೋಣ, ಇಂಥ ಬೀಡಿನ ಕೋಣ. ಬೊಳ್ಳ, ಕಾಟಿ, ಚೆನ್ನ ಅಂತ ಕೋಣದ ಹೆಸರು ಮೂರು ತಲೆಮಾರಿಗೆ ನೆನಪಿರುತ್ತದೆ. ಅದರ ಹಿಂದೆ ಓಡಿದವನು ಯಾರು ಎಂದು ಕೇಳಿದರೆ "ಅದು ಅವರ ಒಕ್ಕಲಿನವ ಒಬ್ಬ ಇದ್ದ" ಎನ್ನುತ್ತಿದ್ದರು. ಅಷ್ಟೇ.

ಹಾಗೆ ಯಾಕೆ ಎಂದು ತಿಳಿಯಲು ಕಂಬಳ ಸ್ಪರ್ಧೆ ಆಗುವುದಕ್ಕೆ ಮೊದಲು ಏನಾಗಿತ್ತು ಅಂತ ನೋಡಬೇಕು. ದೊಡ್ಡ ಮನೆಯ ದೊಡ್ಡ ಗದ್ದೆಯೇ ಕಂಬಳ. ಬೇಸಾಯದ ಲೆಕ್ಕದಲ್ಲಿ ಒಂದು ದಿನ ಆ ಗದ್ದೆಗೆ ಕೋಣ ಇಳಿಸುವುದು, ನಡುವೆ ಹೂವಿನ ಅಲಂಕಾರ ಮಾಡಿದ ಪೂಕರೆ ನೆಡುವುದು, ಭೂತಕ್ಕೆ ಸಲ್ಲುವುದನ್ನು ಸಲ್ಲಿಸುವುದು. ಊರಿನ ಉಳಿದ ಮನೆಯವರು ತಮ್ಮ ಕೋಣ ತರಬೇಕು, ಅದು ಮರ್ಯಾದೆಯೂ ಹೌದು, ಕಟ್ಟಳೆಯೂ ಹೌದು. ಓಟ ಅದರೊಳಗೆ ಬಂದ ಒಂದು ಖುಷಿ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿಗಳ ಕುರಿತ ಗ್ರಂಥದಲ್ಲಿ ಬಂಟರ ಬಗ್ಗೆ ಬರೆಯುವಾಗ ಕಂಬಳದ ಕೋಣದ ಓಟ ಬರುತ್ತದೆ. ಅಂದರೆ ನೂರು ವರ್ಷದ ಹಿಂದೆಯೇ ಹೊರಗಿನವರ ಕಣ್ಣಿಗೆ ಬೀಳುವಷ್ಟು ಅದು ಜೋರಾಗಿತ್ತು.

ನಮ್ಮ ಪುತ್ತೂರಿನ ಕಂಬಳಕ್ಕೆ ಕೋಟಿ-ಚೆನ್ನಯ ಜೋಡುಕರೆ ಎಂದೇ ಹೆಸರು. ಮಹಾಲಿಂಗೇಶ್ವರ ದೇವಸ್ಥಾನದ ಎದುರಿನ ದೇವರಮಾರು ಗದ್ದೆಯಲ್ಲಿ ಎರಡು ಕರೆ, ಒಂದು ಕೋಟಿ, ಇನ್ನೊಂದು ಚೆನ್ನಯ. ಇದೇ ಹೆಸರಿನ ಕರೆ ಮೂಡುಬಿದಿರೆಯಲ್ಲೂ ಉಂಟು. ಆದರೆ ಹಕ್ಕು ನಮ್ಮದೇ ಹೆಚ್ಚು ಎಂದು ನಾನು ವಾದಿಸುತ್ತೇನೆ. ಆ ಅವಳಿಗಳ ಪಡುಮಲೆ ಇರುವುದು ಪುತ್ತೂರು ತಾಲೂಕಿನಲ್ಲಿ. ತಾಯಿ ದೇಯಿ ಬೈದೆತಿಯ ಗೆಜ್ಜೆಗಿರಿಯೂ ಇಲ್ಲೇ. ಮಲ್ಲಯ ಬುದ್ಯಂತನ ಜೊತೆ ಅವರ ಜಗಳ ಬೆಳೆದದ್ದು ಗದ್ದೆಯ ಉಳುಮೆ, ನೀರಿನ ವಿಚಾರದಲ್ಲಿ. ಅಲ್ಲಿಂದ ಪಂಜ, ಕೊನೆಗೆ ಎಣ್ಮೂರು. ಪಾಡ್ದನದ ದಾರಿ ಹಿಡಿದು ಹೋದರೆ ಇವತ್ತಿನ ಪುತ್ತೂರು, ಸುಳ್ಯ, ಕಡಬದ ಸೀಮೆಯೊಳಗೇ ಆ ಕಥೆಯ ಬಹುಪಾಲು ಮುಗಿಯುತ್ತದೆ.

ಒಂದು ತಮಾಷೆ ನೋಡಿ. ಬದುಕಿದ್ದಾಗ ಒಬ್ಬರ ಬೆನ್ನಿಗೆ ಒಬ್ಬರು ನಿಂತ ಅಣ್ಣ ತಮ್ಮ, ಕರೆಯಲ್ಲಿ ಮಾತ್ರ ಎದುರಾಳಿಗಳು. ಸೋತ ಕೋಣದ ಅಭಿಮಾನಿಗಳಿಗೆ ಇದೂ ಒಂದು ನೆಪ. "ನಮಗೆ ಆ ಕರೆ ಬಿತ್ತು, ಅದರಲ್ಲಿ ಕೆಸರು ಜಾಸ್ತಿ" ಎನ್ನದ ಕಂಬಳ ನಾನು ಕಂಡಿಲ್ಲ. ಉಪ್ಪಿನಂಗಡಿಗೆ ಹೋದರೆ ಅದೇ ದೂರು ವಿಜಯ-ವಿಕ್ರಮನ ಮೇಲೆ.

ಸುಳ್ಯದವರ ಬಗ್ಗೆ ಒಂದು ಮಾತು ಹೇಳಲೇಬೇಕು. ಗುಡ್ಡ, ಅಡಿಕೆ, ರಬ್ಬರ್. ದೊಡ್ಡ ಜೋಡುಕರೆ ನೋಡಬೇಕಾದರೆ ಪುತ್ತೂರಿಗೋ ಉಪ್ಪಿನಂಗಡಿಗೋ ಗಾಡಿ ಹತ್ತಬೇಕು. ಆದರೆ ಓಟಗಾರರ ಬಗ್ಗೆ ಅತಿ ಖಚಿತ ಅಭಿಪ್ರಾಯ ಇರುವುದು ಅವರಿಗೇ. ಹಟ್ಟಿಯಲ್ಲಿ ಕೋಣ ಇಲ್ಲದವನಿಗೆ ವಾದ ಮಾಡಲು ಧೈರ್ಯ ಜಾಸ್ತಿ.

ಗದ್ದೆ ತೋಟ ಆದ ಕಥೆಯೂ ಈ ಚರ್ಚೆಯ ಭಾಗವೇ. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ನಮ್ಮಲ್ಲಿ ಹಳಬರು ಅದನ್ನು "ಡಿಕ್ಲರೇಶನ್ ಕೊಟ್ಟ ವರ್ಷ" ಎಂದೇ ಹೇಳುತ್ತಾರೆ. ಗೇಣಿ ಕೊಡುತ್ತಿದ್ದ ಒಕ್ಕಲು ಭೂಮಿಯ ಯಜಮಾನ ಆದ. ಧಣಿಯ ಗದ್ದೆ ಕೈಬಿಟ್ಟಿತು, ಧಣಿಯ ಕೋಣದ ಹಿಂದೆ ಓಡುವ ಕಟ್ಟಳೆಯೂ ಕಳಚಿತು. ಎಷ್ಟೋ ಮನೆ ಕಂಬಳಗಳು ಸಣ್ಣದಾದವು, ಪೂಜೆಗೆ ಒಂದು ಜೋಡಿ ಇಳಿಸುವಲ್ಲಿಗೆ ಬಂದು ನಿಂತವು. ಆ ಜಾಗಕ್ಕೆ ಸಮಿತಿ ಕಂಬಳಗಳು ಬೆಳೆದವು: ರಶೀದಿ ಪುಸ್ತಕ, ಮೈಕು, ಹೊನಲು ಬೆಳಕು, ಬಹುಮಾನಕ್ಕೆ ಚಿನ್ನದ ಪವನು.

ಇದು ಆದ ಮೇಲೆಯೇ ಓಟಗಾರ ಎನ್ನುವ ಮನುಷ್ಯ ಬೇರೆಯಾಗಿ ಕಾಣಲು ಶುರುವಾದದ್ದು ಎಂದು ನನ್ನ ಲೆಕ್ಕ. ಮೊದಲು ಓಡುವುದು ಅವನ ಹೊಣೆ, ಈಗ ಓಡುವುದು ಅವನ ವಿದ್ಯೆ. ಒಂದೇ ರಾತ್ರಿ ಹಗ್ಗದಲ್ಲಿ ಒಬ್ಬ ಯಜಮಾನರಿಗೆ, ನೇಗಿಲಿನಲ್ಲಿ ಇನ್ನೊಬ್ಬರಿಗೆ ಓಡುತ್ತಾನೆ. ಮುಂದಿನ ವರ್ಷ ಮೂರನೆಯವರ ಕಡೆ ಇರಬಹುದು. ಕಳೆದ ಸಲ ಯಾರನ್ನು ಬೈದಿದ್ದರೋ ಈ ಸಲ ಅವನಿಗೇ ಶಿಳ್ಳೆ ಹೊಡೆಯಬೇಕಾಗುತ್ತದೆ, ಎಂತ ಮಾಡುವುದು?

ಯಾರು ಜೋರು ಎಂದು ಹೇಳುವುದು ಯಾಕೆ ಕಷ್ಟ ಅಂದರೆ ಕೆಲಸ ಒಂದೇ ತರದ್ದಲ್ಲ. ಹಗ್ಗದಲ್ಲಿ ಓಟಗಾರನಿಗೂ ಕೋಣಕ್ಕೂ ನಡುವೆ ಇರುವುದು ಹಗ್ಗ ಮಾತ್ರ. ಅಲ್ಲಿ ಕಾಲು ಬೇಕು. ನೇಗಿಲಿನಲ್ಲಿ ಮರದ ಚೌಕಟ್ಟಿನ ಮೇಲೆ ಕೈ ಹಿಡಿತ ಬೇಕು. ಅಡ್ಡ ಹಲಗೆಯಲ್ಲಿ ಓಡುವುದೇ ಇಲ್ಲ, ನಿಲ್ಲುವುದು, ಬೀಳದೆ ನಿಲ್ಲುವುದು. ಕನೆಹಲಗೆ ಅಂತೂ ಬೇರೆಯೇ ಲೋಕ. ಅಲ್ಲಿ ಮೊದಲು ಮುಟ್ಟಿದವ ಗೆಲ್ಲುವುದಿಲ್ಲ, ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು. ಒಂದು ಕಾಲನ್ನು ಎಲ್ಲಿ ಒತ್ತಬೇಕು, ಎಷ್ಟು ಹೊತ್ತು ಒತ್ತಬೇಕು ಎನ್ನುವುದು ಕಲಿಸಿದರೆ ಬರುವುದಲ್ಲ. ಹಗ್ಗದ ಓಟಗಾರನನ್ನು ತಂದು ಕನೆಹಲಗೆಯವನ ಪಕ್ಕ ನಿಲ್ಲಿಸಿ ಯಾರು ದೊಡ್ಡವ ಎಂದು ಕೇಳುವುದು ದಂಡ. ಕೇಳುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ.

ಮೊದಲೆಲ್ಲ ತೀರ್ಪುಗಾರರ ಕಣ್ಣೇ ಗಡಿಯಾರ. ಎರಡು ಜೋಡಿಯಲ್ಲಿ ಯಾವುದು ಮುಂದೆ ಎಂದಷ್ಟೇ ಗೊತ್ತಾಗುತ್ತಿತ್ತು. ಪುತ್ತೂರಿನಲ್ಲಿ ಗೆದ್ದವನು ಐಕಳದಲ್ಲಿ ಗೆದ್ದವನಿಗಿಂತ ವೇಗವೋ ಎಂದು ಕೇಳಲು ಉಪಾಯವೇ ಇರಲಿಲ್ಲ. ಆಮೇಲೆ ಲೇಸರ್ ಬಂತು, ವಿಡಿಯೋ ಬಂತು, ಸೆಕೆಂಡನ್ನು ನೂರು ಪಾಲು ಮಾಡಿ ಫಲಿತಾಂಶ ಬರೆಯುವ ಪದ್ಧತಿ ಬಂತು. ಜಗಳ ಕಡಿಮೆ ಆಗಬೇಕಿತ್ತು. ಆಗಲಿಲ್ಲ.

2020ರ ಫೆಬ್ರುವರಿ ನೆನಪಿಸಿಕೊಳ್ಳಿ. ಐಕಳದ ಕಾಂತಾಬಾರೆ-ಬೂದಾಬಾರೆ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಭಾಗಿಸಿ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನಿನಲ್ಲಿ ಮಾಡಿದ ದಾಖಲೆ 9.58. ಮುಗಿಯಿತು, ಮೊಬೈಲಿನಲ್ಲೆಲ್ಲ ಅದೇ. ಆ ಬಿಸಿ ಆರುವ ಮೊದಲೇ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಭಾಗಿಸಿದರೆ 9.51. ನಮ್ಮ ಕಡೆಯ ಅಂಗಡಿ ಜಗಲಿಗಳಿಗೆ ಆ ತಿಂಗಳು ಬೇರೆ ವಿಷಯವೇ ಇರಲಿಲ್ಲ.

ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ: ಬೋಲ್ಟ್‌ನನ್ನು ಇದಕ್ಕೆ ಎಳೆದು ತಂದದ್ದು ತಪ್ಪು. ಬೋಲ್ಟ್‌ನ ಮುಂದೆ ಎರಡು ಕೋಣ ಇರಲಿಲ್ಲ, ಕಾಲ ಕೆಳಗೆ ಕೆಸರೂ ಇರಲಿಲ್ಲ. ಕೋಣ ಎಳೆಯುವುದರಿಂದ ಸಿಗುವ ವೇಗ ಎಷ್ಟು, ಕೆಸರು ಕಸಿದುಕೊಳ್ಳುವುದು ಎಷ್ಟು ಎಂದು ಕಳೆದು ಕೂಡಿಸುವ ಲೆಕ್ಕ ಯಾರ ಕೈಯಲ್ಲೂ ಇಲ್ಲ. ಒಂದು ಕರೆಯ ಉದ್ದ ಇನ್ನೊಂದಕ್ಕೆ ಇಲ್ಲ. ಶ್ರೀನಿವಾಸ ಗೌಡರೇ ಗೆಲುವಿನಲ್ಲಿ ಕೋಣಗಳಿಗೂ ಪಾಲು ಕೊಟ್ಟು ಮಾತಾಡಿದ್ದರು. ಕ್ರೀಡಾ ಪ್ರಾಧಿಕಾರದ ಟ್ರಯಲ್‌ಗೆ ಕರೆದಾಗ ಅವರು ಹೋಗಲಿಲ್ಲ. ಅದಕ್ಕೆ ಬೇಸರ ಮಾಡಿಕೊಂಡವರು ತುಂಬ ಜನ. ನನಗೆ ಬೇಸರ ಆಗಲಿಲ್ಲ.

ನನಗೆ ಮುಖ್ಯ ಅನಿಸಿದ್ದು ಬೇರೆ. ಶ್ರೀನಿವಾಸ ಗೌಡರು ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದವರು. ಮುಖ್ಯಮಂತ್ರಿ ಯಡಿಯೂರಪ್ಪ ಅವರನ್ನು ಕರೆಸಿ 3 ಲಕ್ಷ ರೂಪಾಯಿ ಕೊಟ್ಟರು. ಕೋಣದ ಹಿಂದೆ ಓಡಿದವನ ಹೆಸರು ದೇಶಕ್ಕೆ ಗೊತ್ತಾಗಿ, ಯಜಮಾನರ ಹೆಸರು ಹಿಂದೆ ಉಳಿದದ್ದು ಬಹುಶಃ ಅದೇ ಮೊದಲು.

ಇದಕ್ಕಿಂತ ಕೆಳಗೆ ಇನ್ನೊಂದು ಪದರ ಉಂಟು. ಅದನ್ನು ಬಿಟ್ಟು ಕಂಬಳದ ಚರಿತ್ರೆ ಬರೆದರೆ ಅರ್ಧ ಸುಳ್ಳು. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬದಿಯಲ್ಲಿ ಮಂಜಿನಲ್ಲಿ ಡೋಲು ಬಡಿಯುತ್ತಾ ಕೂರಬೇಕಿತ್ತು. ಪನಿ ಕುಲ್ಲುನು ಎಂದು ಅದಕ್ಕೆ ಹೆಸರು. ಕೋಣ ಇಳಿಯುವ ಮೊದಲು ಕರೆಯಲ್ಲಿ ಅವರನ್ನು ಓಡಿಸುತ್ತಿದ್ದರು. ಮುಳ್ಳು, ಗಾಜು ಇದ್ದರೆ ಕೋಣದ ಕಾಲಿಗೆ ಮೊದಲು ಅವರ ಕಾಲಿಗೆ ತಾಗಲಿ ಎಂದು. ಕರೆಯಲ್ಲಿ ಎಲ್ಲರಿಗಿಂತ ಮೊದಲು ಓಡಿದವರು ಅವರು. ಯಾರು ಜೋರು ಎಂದು ಅವರ ಬಗ್ಗೆ ಯಾವ ಹೋಟೆಲಿನಲ್ಲೂ ಚರ್ಚೆ ಆಗಲಿಲ್ಲ. ಇಂಥ ಅಜಲು ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಕಾನೂನು ಮಾಡಿದ್ದು 2000ದಲ್ಲಿ. ಬಹಳ ಹಳೆಯ ಮಾತು ಏನೂ ಅಲ್ಲ, ಆಗ ನಾನು ಶಾಲೆಗೆ ಹೋಗುತ್ತಿದ್ದೆ.

ಆಮೇಲೆ ಕೋರ್ಟಿನ ವರ್ಷಗಳು. 2014ರ ಮೇ 7ರಂದು ಜಲ್ಲಿಕಟ್ಟಿನ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಬಂತು, ಅದರ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರಿನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಕೋಣಗಳೇ ಪ್ರತಿಭಟನೆಗೆ ಬೀದಿಗೆ ಬಂದವು ಎನ್ನಬಹುದು. ಅದೇ ಫೆಬ್ರುವರಿಯಲ್ಲಿ ವಿಧಾನಸಭೆ ತಿದ್ದುಪಡಿ ಮಸೂದೆ ಒಪ್ಪಿತು, ರಾಷ್ಟ್ರಪತಿ ಅಂಕಿತ ಬೀಳುವಾಗ 2018ರ ಫೆಬ್ರುವರಿ. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಅದೇ ನವೆಂಬರ್ 25, 26ಕ್ಕೆ ಪುತ್ತೂರು ಶಾಸಕ ಅಶೋಕ್ ಕುಮಾರ್ ರೈ ಮುಂದಾಳತ್ವದಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ರಾಜ-ಮಹಾರಾಜ ಕರೆ. ನಮ್ಮ ಕೋಣಗಳು ಲಾರಿಯಲ್ಲಿ ಶಿರಾಡಿ ಘಾಟಿ ಹತ್ತಿದ್ದನ್ನು ನೋಡಲು ರಸ್ತೆ ಬದಿ ನಿಂತವರಲ್ಲಿ ನಾನೂ ಒಬ್ಬ.

ಈ ಕೇಸುಗಳಿಂದ ಅಭಿಮಾನಿಗಳ ಮಾತೂ ಬದಲಾಯಿತು. ಮೊದಲು ಬೆತ್ತ ಬೀಸುವ ಕೈಯನ್ನು ಹೊಗಳುತ್ತಿದ್ದರು. ಈಗ "ಅವ ಹೊಡೆಯುದೇ ಕಡಿಮೆ, ಆದರೂ ಕೋಣ ಬಿಡ್ತದೆ" ಎನ್ನುವುದು ಹೊಗಳಿಕೆ. ಎಲ್ಲ ಕಡೆ ಹಾಗೇ ನಡೆಯುತ್ತದೆ ಎಂದು ನಾನು ಹೇಳಲಾರೆ. ಮಾತು ಬದಲಾಗಿದೆ, ಅಷ್ಟು ಖಂಡಿತ.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಡಿಪ್ಲೊಮಾ ಮುಗಿಸಿ ವರದಿಗಾರನಾದ ಹೊಸದರಲ್ಲಿ ಒಂದು ಕಂಬಳದ ಫಲಿತಾಂಶ ಬರೆದು ಕಳಿಸಿದ್ದೆ. ಆರು ವಿಭಾಗ, ಪ್ರಥಮ, ದ್ವಿತೀಯ, ಯಜಮಾನರ ಹೆಸರು, 'ಎ' 'ಬಿ' ಎಲ್ಲ ಸರಿ. "ಓಡಿಸಿದವರು" ಎನ್ನುವ ಸಾಲುಗಳನ್ನು ಜಾಗ ಸಾಲದು ಎಂದು ನಾನೇ ಬಿಟ್ಟಿದ್ದೆ. ಮರುದಿನ ಕಡಬ ಕಡೆಯ ಒಬ್ಬರು ಫೋನ್ ಮಾಡಿದರು. ಬೈಯಲಿಲ್ಲ. "ಅಣ್ಣಾ, ಅಮ್ಮನಿಗೆ ಪೇಪರ್ ತೋರಿಸುವ ಅಂತ ತಂದೆ. ಎಲ್ಲಿ ಉಂಟು ಅಂತ ಕೇಳ್ತಿದ್ದಾರೆ" ಎಂದರು.

ಆ ಹೋಟೆಲಿನ ನಾಲ್ವರು ಎದ್ದು ಹೋಗುವಾಗಲೂ ತೀರ್ಮಾನ ಆಗಿರಲಿಲ್ಲ. ಬಿಲ್ಲು ಯಾರು ಕೊಡಬೇಕು ಎನ್ನುವುದರಲ್ಲಿ ಎರಡನೆಯ ಜಗಳ ಶುರುವಾಗಿತ್ತು. ನಾನು ಅವರಲ್ಲಿ ಒಬ್ಬನನ್ನು ನಿಲ್ಲಿಸಿ, ಫೈನಲಿನಲ್ಲಿ ಎರಡೂ ಕಡೆ ಓಡಿಸಿದವರ ಹೆಸರು ಸರಿಯಾಗಿ ಹೇಳಿಸಿಕೊಂಡು ಬರೆದುಕೊಂಡೆ. ಇನಿಶಿಯಲ್ ಸಮೇತ ಹೇಳಿದ.